ಗ್ಯಾಸಿನಿಂದ ಕರೆಂಟು

ಗ್ಯಾಸು ಅಂದ ಕೂಡಲೇ ನಮಗೆ ನೆನಪಾಗುವುದು ಅಡುಗೆ ಮನೆ. ಕೆಂಪು ಸಿಲಿಂಡರು. ನೀಲಿ ಉರಿ. ಕರೆಂಟು ಅಂದರೆ ನೆನಪಾಗುವುದು ಶರಾವತಿ ನದಿ, ರಾಯಚೂರಿನ ಎತ್ತರದ ಚಿಮಣಿ. ಗ್ಯಾಸಿಗೂ ಕರೆಂಟಿಗೂ ಎಲ್ಲಿಯ ನಂಟು?

ನಂಟು ಇದೆ ಅಕ್ಕಂದಿರೇ. ಗ್ಯಾಸು ಉರಿಸಿ ಕರೆಂಟು ತಯಾರಿಸುವ ಕಾರ್ಖಾನೆಗಳು ನಮ್ಮ ದೇಶದಲ್ಲಿ ಹಲವು ಇವೆ. ಗುಜರಾತಿನಲ್ಲಿವೆ. ಆಂಧ್ರದಲ್ಲಿವೆ. ದೂರದ ತ್ರಿಪುರಾದಲ್ಲಿವೆ. ನಮ್ಮ ಬೆಂಗಳೂರಿನ ಯಲಹಂಕದಲ್ಲೂ ಒಂದು ಇದೆ. ಇವಕ್ಕೆ ‘ಅನಿಲ ವಿದ್ಯುತ್ ಸ್ಥಾವರ’ ಎಂದು ಹೆಸರು. ಅನಿಲ ಅಂದರೆ ಗ್ಯಾಸು. ವಿದ್ಯುತ್ ಅಂದರೆ ಕರೆಂಟು. ಸ್ಥಾವರ ಅಂದರೆ ಒಂದೇ ಕಡೆ ನೆಲೆ ನಿಂತ ದೊಡ್ಡ ಕಾರ್ಖಾನೆ.

ಈ ಮಾತೆಲ್ಲ ನಮಗೆ ಯಾಕೆ ಬೇಕು ಅಂತೀರಾ? ಸಂಜೆ ಕರೆಂಟು ಹೋದರೆ ಕತ್ತಲಲ್ಲಿ ಒಲೆ ಮುಂದೆ ಕೂರುವವರು ನಾವು. ಮಕ್ಕಳ ಪುಸ್ತಕದ ಹತ್ತಿರ ಬುಡ್ಡಿ ದೀಪ ಇಡುವವರು ನಾವು. ನಡುರಾತ್ರಿ ಪಂಪ್‌ಸೆಟ್ಟಿಗೆ ಕರೆಂಟು ಬಂದರೆ ಟಾರ್ಚು ಹಿಡಿದು ಹೊಲಕ್ಕೆ ಹೋಗುವವರಲ್ಲೂ ನಾವಿದ್ದೇವೆ. ಸಂಜೆಯ ಹೊತ್ತಿನ ಕರೆಂಟಿಗೂ ಗ್ಯಾಸಿಗೂ ಹತ್ತಿರದ ಸಂಬಂಧ ಇದೆ. ಅದು ಏನು ಅಂತ ನೋಡೋಣ.

ಕಣಜದಲ್ಲಿ ತುಂಬಿಡಲು ಆಗದ ಬೆಳೆ

ರಾಗಿ ಬೆಳೆದರೆ ಕಣಜದಲ್ಲಿ ತುಂಬಿ ಇಡ್ತೇವೆ. ಬೇಕಾದಾಗ ತೆಗೆದು ಬೀಸ್ತೇವೆ. ಕರೆಂಟು ಹಾಗಲ್ಲ. ಅದನ್ನು ಹಾಗೆ ರಾಶಿ ಹಾಕಿ ಇಡಲು ಆಗುವುದಿಲ್ಲ. ನೀವು ಸ್ವಿಚ್ ಒತ್ತಿದ ಗಳಿಗೆಯಲ್ಲೇ ಎಲ್ಲೋ ಒಂದು ಕಡೆ ಒಂದು ಚಕ್ರ ತಿರುಗಿ ಅಷ್ಟು ಕರೆಂಟು ಹುಟ್ಟಬೇಕು. ಈಚೆಗೆ ದೊಡ್ಡ ದೊಡ್ಡ ಬ್ಯಾಟರಿಗಳು ಬರುತ್ತಿವೆ, ನಿಜ. ಆದರೆ ಇಡೀ ರಾಜ್ಯಕ್ಕೆ ಒಂದು ರಾತ್ರಿಗೆ ಸಾಕಾಗುವಷ್ಟು ಕರೆಂಟು ತುಂಬಿಡುವ ಬ್ಯಾಟರಿ ಇನ್ನೂ ನಮ್ಮಲ್ಲಿ ಇಲ್ಲ.

ಮದುವೆ ಮನೆಯ ಪಂಕ್ತಿ ನೆನಪು ಮಾಡಿಕೊಳ್ಳಿ. ಎಷ್ಟು ಎಲೆ ಹಾಕಿದ್ದಾರೋ ಅಷ್ಟು ಅನ್ನ ಬೆಂದಿರಬೇಕು. ಕಡಿಮೆ ಆದರೆ ಮಾನ ಹೋಯಿತು. ಹೆಚ್ಚಾದರೆ ಅನ್ನ ಹಾಳು. ಕರೆಂಟಿನಲ್ಲಿ ಇನ್ನೂ ಕಷ್ಟ. ಹೆಚ್ಚಾದರೂ ಅಪಾಯ, ಕಡಿಮೆ ಆದರೂ ಅಪಾಯ. ತೂಕ ತಪ್ಪಿದರೆ ಯಂತ್ರಗಳು ಕೆಡುತ್ತವೆ. ಒಂದರ ಹಿಂದೆ ಒಂದು ಊರು ಕತ್ತಲಾಗುತ್ತದೆ. ಈ ತೂಕ ನೋಡಲಿಕ್ಕೆಂದೇ ಬೆಂಗಳೂರಿನಲ್ಲಿ ಒಂದು ಕಚೇರಿ ಇದೆ. ಲೋಡ್ ಡಿಸ್‌ಪ್ಯಾಚ್ ಸೆಂಟರ್ ಅಂತ ಅದರ ಹೆಸರು. ಅಲ್ಲಿ ಹಗಲು ರಾತ್ರಿ ಜನ ಕೂತಿರುತ್ತಾರೆ. ಎಲ್ಲಿ ಎಷ್ಟು ಹುಟ್ಟುತ್ತಿದೆ, ಎಷ್ಟು ಖರ್ಚಾಗುತ್ತಿದೆ, ಇದೇ ಅವರ ಲೆಕ್ಕ.

2020ರ ಏಪ್ರಿಲ್ 5ನೇ ತಾರೀಕು ನಿಮಗೆ ನೆನಪಿರಬಹುದು. ಕೊರೊನಾ ಕಾಲ. ರಾತ್ರಿ 9 ಗಂಟೆಗೆ 9 ನಿಮಿಷ ವಿದ್ಯುತ್ ದೀಪ ಆರಿಸಿ ಹಣತೆ ಹಚ್ಚಿ ಅಂತ ಪ್ರಧಾನಿಗಳು ಹೇಳಿದ್ದರು. ನಾವೆಲ್ಲ ಹಚ್ಚಿದೆವು. ನಾವು ಹಣತೆ ನೋಡುತ್ತಾ ನಿಂತಿದ್ದಾಗ ಕರೆಂಟಿನ ಕಚೇರಿಗಳಲ್ಲಿ ಜನ ಉಸಿರು ಬಿಗಿಹಿಡಿದು ಕೂತಿದ್ದರು. ಯಾಕೆಂದರೆ ದೇಶದಲ್ಲಿ ಕರೆಂಟಿನ ಬಳಕೆ ಒಮ್ಮೆಲೇ ಸುಮಾರು 31 ಸಾವಿರ ಮೆಗಾವಾಟ್ ಇಳಿಯಿತು. ಒಂದು ಮೆಗಾವಾಟ್ ಅಂದರೆ 10 ಲಕ್ಷ ವಾಟ್. ಅಷ್ಟರಲ್ಲಿ 9 ವಾಟಿನ ಎಲ್‌ಇಡಿ ಬಲ್ಬು ಒಂದು ಲಕ್ಷಕ್ಕೂ ಹೆಚ್ಚು ಉರಿಯುತ್ತವೆ. ಈಗ 31 ಸಾವಿರ ಮೆಗಾವಾಟ್ ಎಷ್ಟಾಯಿತು, ನೀವೇ ಊಹಿಸಿ. ಬಳಕೆ ಇಳಿದಷ್ಟೂ ಉತ್ಪಾದನೆ ಇಳಿಸಬೇಕು. ಮತ್ತೆ ಎಲ್ಲರೂ ದೀಪ ಹಾಕಿದಾಗ ಅಷ್ಟೇ ಬೇಗ ಏರಿಸಬೇಕು. ಆ ರಾತ್ರಿ ದೊಡ್ಡ ಪಾಲು ಕೆಲಸ ಮಾಡಿದ್ದು ನೀರಿನಿಂದ ಕರೆಂಟು ಮಾಡುವ ಸ್ಥಾವರಗಳು. ಗ್ಯಾಸಿನ ಸ್ಥಾವರಗಳೂ ಕೈ ಜೋಡಿಸಿದವು. ಎಲ್ಲೂ ಕತ್ತಲಾಗದೆ ಆ ಹೊತ್ತು ಕಳೆಯಿತು.

ಒಲೆಗಳಲ್ಲಿ ನಾಲ್ಕು ತರ

ಬೇಗ ಏರಿಸುವುದು, ಬೇಗ ಇಳಿಸುವುದು ಎಲ್ಲ ಸ್ಥಾವರಕ್ಕೂ ಆಗುವ ಕೆಲಸ ಅಲ್ಲ.

ರಾಯಚೂರಿನಲ್ಲಿ ಕಲ್ಲಿದ್ದಲು ಉರಿಸುತ್ತಾರೆ. ಅದು ಆಲೆಮನೆಯ ಒಲೆ ಇದ್ದ ಹಾಗೆ. ಹೊತ್ತಿಸಿ ಕಾವು ಬರಲು ಬಹಳ ಹೊತ್ತು ಬೇಕು. ಪೂರ್ತಿ ತಣ್ಣಗಾದ ಕಲ್ಲಿದ್ದಲು ಸ್ಥಾವರವನ್ನು ಮತ್ತೆ ಶುರು ಮಾಡಲು ಹಲವು ಗಂಟೆಗಳೇ ಹಿಡಿಯುತ್ತವೆ. ಆದ್ದರಿಂದ ಒಮ್ಮೆ ಹೊತ್ತಿಸಿದರೆ ದಿನಗಟ್ಟಲೆ ಉರಿಸುತ್ತಾರೆ. ನಮ್ಮ ದೇಶದ ಕರೆಂಟಿನಲ್ಲಿ ಹೆಚ್ಚಿನ ಪಾಲು ಈ ಒಲೆಯಿಂದಲೇ ಬರುವುದು.

ಪಾವಗಡದಲ್ಲಿ ಬಿಸಿಲಿನಿಂದ ಕರೆಂಟು ತಯಾರಾಗುತ್ತದೆ. ರೈತರಿಂದ ಸಾವಿರಾರು ಎಕರೆ ಗುತ್ತಿಗೆಗೆ ಪಡೆದು ಸೋಲಾರ್ ಹಲಗೆ ಹಾಕಿದ್ದಾರೆ. 2050 ಮೆಗಾವಾಟ್ ಶಕ್ತಿಯ ದೊಡ್ಡ ಪಾರ್ಕು ಅದು. ಸೌದೆ ಬೇಡ, ಹೊಗೆ ಇಲ್ಲ. ಆದರೆ ಅಂಗಳದಲ್ಲಿ ಹಪ್ಪಳ ಒಣಗಿಸಿದ ಹಾಗೆ, ಬಿಸಿಲು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಂಜೆ ಹೊತ್ತು ಮುಳುಗುತ್ತದೆ. ಸೋಲಾರ್ ಕರೆಂಟು ಸೊನ್ನೆಗೆ ಇಳಿಯುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಊರೂರಲ್ಲಿ ದೀಪ ಹತ್ತುತ್ತವೆ. ಟಿ.ವಿ. ಹಾಕುತ್ತಾರೆ. ಮಿಕ್ಸಿ ತಿರುಗುತ್ತದೆ. ಬೇಸಿಗೆಯಾದರೆ ಫ್ಯಾನು ನಿಲ್ಲುವುದೇ ಇಲ್ಲ. ಬೇಡಿಕೆ ಏರುವ ಹೊತ್ತಿಗೇ ಬಿಸಿಲಿನ ಕರೆಂಟು ಕೈಬಿಡುತ್ತದೆ. ಸಂಜೆಯ ತೊಂದರೆಯ ಮೂಲ ಇಲ್ಲೇ ಇದೆ.

ಶರಾವತಿಯ ನೀರು ನಲ್ಲಿ ಇದ್ದ ಹಾಗೆ. ತಿರುಗಿಸಿದರೆ ಬಂತು, ಮುಚ್ಚಿದರೆ ನಿಂತಿತು. ಕೆಲವೇ ನಿಮಿಷದಲ್ಲಿ ಕರೆಂಟು ಶುರು. ಕರ್ನಾಟಕದ ಸಂಜೆಯನ್ನು ಬಹಳ ವರ್ಷದಿಂದ ನಡೆಸಿಕೊಂಡು ಬಂದವಳು ಶರಾವತಿ ತಾಯಿ ಎಂದರೆ ತಪ್ಪಲ್ಲ. ಆದರೆ ಮಳೆ ಬರಬೇಕು. 2023ರಲ್ಲಿ ಮಳೆ ಕೈಕೊಟ್ಟಿತು. ಜಲಾಶಯ ತುಂಬಲಿಲ್ಲ. ಬೆಳೆ ಒಣಗಿದ್ದರಿಂದ ಪಂಪ್‌ಸೆಟ್ಟು ಹೆಚ್ಚು ಓಡಿದವು. ಆ ಅಕ್ಟೋಬರಿನಲ್ಲಿ ಕರೆಂಟಿಗೆ ಎಷ್ಟು ಪರದಾಡಿದೆವು, ರೈತರು ಎಷ್ಟು ಕಡೆ ರಸ್ತೆಗೆ ಇಳಿದರು, ನಿಮಗೇ ಗೊತ್ತು.

ಇನ್ನು ನಾಲ್ಕನೆಯದು ಗ್ಯಾಸು. ಇದು ನಿಮ್ಮ ಮನೆಯ ಗ್ಯಾಸ್ ಒಲೆ ಇದ್ದ ಹಾಗೆಯೇ. ಕಿವಿ ತಿರುಗಿಸಿದರೆ ಉರಿ. ದೊಡ್ಡದು ಬೇಕಾದರೆ ದೊಡ್ಡದು, ಸಣ್ಣದು ಬೇಕಾದರೆ ಸಣ್ಣದು. ಗ್ಯಾಸಿನ ಯಂತ್ರ ಒಂದನ್ನೇ ನಡೆಸುವುದಾದರೆ ಅರ್ಧ ಗಂಟೆಯೊಳಗೆ ಕರೆಂಟು ಕೊಡಬಲ್ಲದು. ಬಿಸಿಲು ಇಲ್ಲದಾಗ, ಮಳೆ ಕೈಕೊಟ್ಟಾಗ, ಸಂಜೆ ಏಕಾಏಕಿ ಬೇಡಿಕೆ ಏರಿದಾಗ ಕೈಗೆ ಸಿಗುವ ಒಲೆ ಇದು. ಗ್ಯಾಸಿನ ಸ್ಥಾವರದ ನಿಜವಾದ ಬೆಲೆ ಇರುವುದು ಇಲ್ಲಿ.

ಕೋಡೊಲೆಯ ಉಪಾಯ

ಒಳಗೆ ಏನು ನಡೆಯುತ್ತದೆ? ಮೊದಲು ಗಾಳಿಯನ್ನು ಒತ್ತಿ ಒತ್ತಿ ತುಂಬುತ್ತಾರೆ. ಅದರಲ್ಲಿ ಗ್ಯಾಸು ಉರಿಸುತ್ತಾರೆ. ಬಿಸಿ ಹಬೆಗಾಳಿ ಭರ್ ಎಂದು ನುಗ್ಗುತ್ತದೆ. ಅದರ ದಾರಿಯಲ್ಲಿ ಫ್ಯಾನಿನ ರೆಕ್ಕೆಯಂಥ ರೆಕ್ಕೆಗಳಿರುವ ಚಕ್ರ ಇರುತ್ತದೆ. ಅದಕ್ಕೆ ಟರ್ಬೈನ್ ಎನ್ನುತ್ತಾರೆ. ಚಕ್ರ ತಿರುಗಿದರೆ ಅದಕ್ಕೆ ಜೋಡಿಸಿದ ಜನರೇಟರ್ ತಿರುಗುತ್ತದೆ. ಕರೆಂಟು ಹುಟ್ಟುತ್ತದೆ. ವಿಮಾನದ ಇಂಜಿನ್ನು ಕೂಡ ಇದೇ ಜಾತಿಯದು.

ಚಕ್ರ ತಿರುಗಿಸಿ ಹೊರಗೆ ಬಂದ ಗಾಳಿ ಇನ್ನೂ ಕೆಂಡದಂತೆ ಸುಡುತ್ತಿರುತ್ತದೆ. ಅದನ್ನು ಸುಮ್ಮನೆ ಬಿಟ್ಟರೆ ನಷ್ಟ. ಆಗ ಏನು ಮಾಡುತ್ತಾರೆ ಗೊತ್ತೇ? ನಮ್ಮ ಅಜ್ಜಿಯರು ಮಾಡಿದ್ದನ್ನೇ. ಅವರ ಕಾಲದ ಕೋಡೊಲೆ ನೋಡಿದ್ದೀರಲ್ಲ? ಮುಂದಿನ ಬಾಯಿಯಲ್ಲಿ ಸೌದೆ ಇಟ್ಟು ಮುದ್ದೆಗೆ ಎಸರು ಇಡುತ್ತಿದ್ದರು. ಉಳಿದ ಕಾವು ಒಳಗಿನ ದಾರಿಯಲ್ಲಿ ಹೋಗಿ ಪಕ್ಕದ ಬಾಯಿಯ ಮೇಲಿನ ಸಾರನ್ನು ಕಾಯಿಸುತ್ತಿತ್ತು. ಒಂದೇ ಸೌದೆಗೆ ಎರಡು ಅಡುಗೆ. ಇಲ್ಲೂ ಹಾಗೇ. ಆ ಬಿಸಿ ಗಾಳಿಯಿಂದ ನೀರು ಕಾಯಿಸುತ್ತಾರೆ. ಹಬೆ ಏಳುತ್ತದೆ. ಹಬೆ ಇನ್ನೊಂದು ಚಕ್ರ ತಿರುಗಿಸುತ್ತದೆ. ಒಂದೇ ಗ್ಯಾಸಿಗೆ ಎರಡು ಸಲ ಕರೆಂಟು. ಇಂಗ್ಲಿಷಿನಲ್ಲಿ ಇದಕ್ಕೆ ‘ಕಂಬೈನ್ಡ್ ಸೈಕಲ್’ ಎಂದು ದೊಡ್ಡ ಹೆಸರು ಇಟ್ಟಿದ್ದಾರೆ. ನಮ್ಮ ಪಾಲಿಗೆ ಅದು ಕೋಡೊಲೆಯೇ.

ಇದರಿಂದ ಲಾಭ ಎಷ್ಟು? ಕಲ್ಲಿದ್ದಲಿನ ಕಾವು 100 ಪಾಲು ಇದ್ದರೆ ಅದರಲ್ಲಿ ಕರೆಂಟಾಗುವುದು 35 ಪಾಲಿನ ಆಸುಪಾಸು. ಗ್ಯಾಸಿನ ಕೋಡೊಲೆಯಲ್ಲಿ 50 ಪಾಲಿಗೂ ಹೆಚ್ಚು. ಆದರೆ ಎರಡನೆಯ ಚಕ್ರಕ್ಕೆ ನೀರು ಕಾಯಬೇಕಲ್ಲ? ಅದಕ್ಕೆ ಹೊತ್ತು ಬೇಕು. ತಣ್ಣಗಿದ್ದ ಸ್ಥಾವರ ಎರಡೂ ಚಕ್ರ ತಿರುಗಿಸಿ ಪೂರ್ತಿ ಶಕ್ತಿಗೆ ಬರಲು ಕೆಲವು ಗಂಟೆ ಆಗುತ್ತದೆ. ಕಲ್ಲಿದ್ದಲಿಗಿಂತ ಬೇಗ, ನೀರಿಗಿಂತ ತಡ.

ಕಲಿಕಾ ಕೇಂದ್ರದಲ್ಲಿ ಇದನ್ನು ಹೇಳುವಾಗ ಒಬ್ಬ ಅಜ್ಜಿ ಕೇಳಿದರು: “ಗ್ಯಾಸು ಉರಿಸಿ ಕರೆಂಟು ಮಾಡೋದು, ಆ ಕರೆಂಟಲ್ಲಿ ಮತ್ತೆ ಒಲೆ ಹಚ್ಚೋದು. ನೇರ ಗ್ಯಾಸಲ್ಲೇ ಬೇಯಿಸಿದರೆ ಆಗಲ್ವಾ?” ಅಜ್ಜಿಯ ಮಾತು ಸರಿ. 100 ಪಾಲು ಕಾವಿನಲ್ಲಿ ಅರ್ಧದಷ್ಟು ದಾರಿಯಲ್ಲೇ ಹೋಗುತ್ತದೆ. ಬರೀ ಅನ್ನ ಬೇಯಿಸುವುದಕ್ಕೆ ಗ್ಯಾಸನ್ನು ಕರೆಂಟು ಮಾಡುವುದು ಸುತ್ತು ದಾರಿ. ಆದರೆ ಬಲ್ಬು ಗ್ಯಾಸಿನಿಂದ ಉರಿಯುವುದಿಲ್ಲ. ಪಂಪು, ಹಿಟ್ಟಿನ ಗಿರಣಿ, ಆಸ್ಪತ್ರೆಯ ಯಂತ್ರ, ಇವಕ್ಕೆಲ್ಲ ಕರೆಂಟೇ ಆಗಬೇಕು.

ಈ ಗ್ಯಾಸು ಎಲ್ಲಿಂದ ಬರುತ್ತದೆ?

ನಮ್ಮ ಸಿಲಿಂಡರಿನಲ್ಲಿರುವ ಗ್ಯಾಸು ಬೇರೆ, ಇದು ಬೇರೆ. ಇದಕ್ಕೆ ನೈಸರ್ಗಿಕ ಅನಿಲ ಎನ್ನುತ್ತಾರೆ. ಇದು ಭೂಮಿಯ ಆಳದಲ್ಲಿ, ಸಮುದ್ರದ ತಳದ ಕೆಳಗೆ ಸಿಗುತ್ತದೆ. ಇದರಲ್ಲಿ ಹೆಚ್ಚಾಗಿ ಇರುವುದು ಮೀಥೇನ್. ಸಗಣಿಯ ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಅದೇ ಮೀಥೇನ್. ಬೆಂಗಳೂರಿನಂಥ ಪಟ್ಟಣಗಳಲ್ಲಿ ಪೈಪಿನಲ್ಲಿ ಮನೆಗೆ ಬರುವ ಗ್ಯಾಸೂ ಇದೇ.

ನಮ್ಮ ದೇಶದಲ್ಲಿ ಗ್ಯಾಸು ಸಿಗುತ್ತದೆ. ಮುಂಬೈ ಹತ್ತಿರದ ಸಮುದ್ರದಲ್ಲಿ, ಅಸ್ಸಾಮಿನಲ್ಲಿ, ತ್ರಿಪುರಾದಲ್ಲಿ, ಆಂಧ್ರದ ಗೋದಾವರಿ ತೀರದಲ್ಲಿ. ತ್ರಿಪುರಾದ ಪಾಲಟಾನಾ ಎಂಬಲ್ಲಿ ಅಲ್ಲಿಯದೇ ಗ್ಯಾಸಿನಿಂದ ನಡೆಯುವ ದೊಡ್ಡ ಸ್ಥಾವರ ಇದೆ. ಅದರ ಶಕ್ತಿ 726 ಮೆಗಾವಾಟ್. 2013ರಲ್ಲಿ ಶುರುವಾಯಿತು. ಅದರ ಭಾರೀ ಯಂತ್ರಗಳನ್ನು ಗುಡ್ಡದ ರಸ್ತೆಯಲ್ಲಿ ಒಯ್ಯಲು ಆಗಲಿಲ್ಲ. ಪಕ್ಕದ ಬಾಂಗ್ಲಾದೇಶ ತನ್ನ ನದಿಗಳ ಮೇಲೆ ಸಾಗಿಸಲು ದಾರಿ ಬಿಟ್ಟುಕೊಟ್ಟಿತು. 2016ರಲ್ಲಿ ತ್ರಿಪುರಾದಿಂದ ಬಾಂಗ್ಲಾದೇಶಕ್ಕೆ 100 ಮೆಗಾವಾಟ್ ಕರೆಂಟು ಹೋಗಲು ಶುರುವಾಯಿತು. ನೆರೆಮನೆಯವರು ಕಷ್ಟಕ್ಕೆ ಆದರೆ ನಾವೂ ಒಂದು ಬಟ್ಟಲು ಸಾರು ಕೊಡ್ತೇವಲ್ಲ, ಹಾಗೆ ಅಂದುಕೊಳ್ಳಿ. ಈ ಸಾರಿಗೆ ದುಡ್ಡು ಇತ್ತು, ಅಷ್ಟೇ.

ಆದರೆ ದೇಶಕ್ಕೆ ಬೇಕಾದಷ್ಟು ಗ್ಯಾಸು ನಮ್ಮ ನೆಲದಲ್ಲಿ ಸಿಗುವುದಿಲ್ಲ. ಸುಮಾರು ಅರ್ಧದಷ್ಟನ್ನು ಹೊರದೇಶದಿಂದ ತರಬೇಕು. ಗ್ಯಾಸನ್ನು ಹಡಗಿನಲ್ಲಿ ತರುವುದು ಹೇಗೆ? ಅದನ್ನು ಮಂಜುಗಡ್ಡೆಗಿಂತಲೂ ಎಷ್ಟೋ ಪಟ್ಟು ತಣ್ಣಗೆ ಮಾಡುತ್ತಾರೆ. ಸೊನ್ನೆಗಿಂತ ಕೆಳಗೆ 160 ಡಿಗ್ರಿ! ಆಗ ಗ್ಯಾಸು ನೀರಿನಂತೆ ದ್ರವ ಆಗುತ್ತದೆ. 600 ಕೊಡದಷ್ಟು ಗ್ಯಾಸು ಒಂದು ಕೊಡದಲ್ಲಿ ಹಿಡಿಸುತ್ತದೆ. ಇಂಥ ಗ್ಯಾಸು ಹೊತ್ತ ಹಡಗು ಕತಾರ್ ದೇಶದಿಂದ ಗುಜರಾತಿನ ದಹೇಜ್ ಬಂದರಿಗೆ ಮೊದಲ ಸಲ ಬಂದದ್ದು 2004ರಲ್ಲಿ. ಬಂದರಿನಲ್ಲಿ ಅದನ್ನು ಮತ್ತೆ ಬೆಚ್ಚಗೆ ಮಾಡಿ ಗ್ಯಾಸು ಮಾಡುತ್ತಾರೆ. ಪೈಪಿನಲ್ಲಿ ಊರೂರಿಗೆ ಬಿಡುತ್ತಾರೆ.

ಕರ್ನಾಟಕಕ್ಕೆ ಇಂಥ ಪೈಪು ಬಂದದ್ದು 2013ರಲ್ಲಿ. ಮಹಾರಾಷ್ಟ್ರದ ಕಡಲ ತೀರದ ದಾಭೋಲ್‌ನಿಂದ ಬೆಂಗಳೂರಿನವರೆಗೆ ಸುಮಾರು ಸಾವಿರ ಕಿಲೋಮೀಟರ್ ಉದ್ದದ ಪೈಪು. ಬೆಳಗಾವಿ, ಧಾರವಾಡ, ಗದಗ, ದಾವಣಗೆರೆ, ಚಿತ್ರದುರ್ಗ, ತುಮಕೂರು ಕಡೆಯ ನೆಲದ ಕೆಳಗೆ ಹಾದು ಬರುತ್ತದೆ. ಆಮೇಲೆ 2021ರಲ್ಲಿ ಕೇರಳದ ಕೊಚ್ಚಿಯಿಂದ ಮಂಗಳೂರಿಗೆ ಇನ್ನೊಂದು ಪೈಪು ಬಂತು.

ಯಲಹಂಕದ ಸ್ಥಾವರಕ್ಕೆ ಗ್ಯಾಸು ಬರುವುದು ಪೈಪಿನಿಂದಲೇ. ಇದು ಕರ್ನಾಟಕ ವಿದ್ಯುತ್ ನಿಗಮದ ಮೊದಲ ಗ್ಯಾಸ್ ಸ್ಥಾವರ. ಶಕ್ತಿ 370 ಮೆಗಾವಾಟ್. ಮೊದಲು ಅದೇ ಜಾಗದಲ್ಲಿ ಡೀಸೆಲ್ ಉರಿಸಿ ಕರೆಂಟು ಮಾಡುತ್ತಿದ್ದರು. ಗ್ಯಾಸ್ ಸ್ಥಾವರದ ಕೆಲಸ ಬಹಳ ವರ್ಷ ಎಳೆಯಿತು. 2020ರ ಅಕ್ಟೋಬರಿನಲ್ಲಿ ಪರೀಕ್ಷೆ ಮಾಡುವಾಗ ಬೆಂಕಿ ಬಿದ್ದು ಅಲ್ಲಿದ್ದ ಇಂಜಿನಿಯರುಗಳಿಗೆ ಸುಟ್ಟ ಗಾಯಗಳಾದವು. ಕೊನೆಗೆ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆ ಆಯಿತು. 2025ರ ಬೇಸಿಗೆಯಲ್ಲಿ ಕರ್ನಾಟಕದ ಬೇಡಿಕೆ 18 ಸಾವಿರ ಮೆಗಾವಾಟ್ ದಾಟಿತ್ತು. ಅದರ ಮುಂದೆ 370 ದೊಡ್ಡದಲ್ಲ. 100ಕ್ಕೆ 2 ಪಾಲು ಅಷ್ಟೇ. ಆದರೂ ಬೆಂಗಳೂರಿನ ಬಾಗಿಲಲ್ಲೇ ಹುಟ್ಟುವ ಕರೆಂಟು. ದೂರದಿಂದ ತಂತಿಯಲ್ಲಿ ತರುವಾಗ ಆಗುವ ಸೋರಿಕೆ ಇಲ್ಲಿಲ್ಲ.

ಹಳದಿ ಫಲಕ ಓದಿ

ಪೈಪಿನ ವಿಷಯ ಬಂತಲ್ಲ, ಒಂದು ಮಾತು ಹೇಳಲೇಬೇಕು. ಪೈಪು ಹಾದುಹೋಗುವ ಹೊಲಗಳಲ್ಲಿ ಅಲ್ಲಲ್ಲಿ ಗುರುತಿನ ಕಂಬ, ಫಲಕ ನೆಟ್ಟಿರುತ್ತಾರೆ. ಅದರಲ್ಲಿ ಎಚ್ಚರಿಕೆ ಬರೆದಿರುತ್ತದೆ. ಫೋನ್ ನಂಬರೂ ಇರುತ್ತದೆ. ನಿಮ್ಮ ಹೊಲದ ಹತ್ತಿರ ಇದ್ದರೆ ಹೋಗಿ ಓದಿ. ಆ ನಂಬರನ್ನು ಮನೆಯ ಗೋಡೆಯ ಮೇಲೆ ಬರೆದಿಡಿ. ಪೈಪಿನ ಮೇಲೆ ಬಾವಿ, ಬೋರ್‌ವೆಲ್ ತೋಡಿಸಬಾರದು. ಜೆಸಿಬಿ ತರಿಸುವ ಮೊದಲು ಆ ನಂಬರಿಗೆ ತಿಳಿಸಬೇಕು.

2014ರ ಜೂನ್ 27ರಂದು ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಎಂಬ ಹಳ್ಳಿಯಲ್ಲಿ ಇಂಥ ಪೈಪು ಒಡೆಯಿತು. ವಿಜಯವಾಡದ ಹತ್ತಿರದ ಒಂದು ವಿದ್ಯುತ್ ಸ್ಥಾವರಕ್ಕೆ ಗ್ಯಾಸು ಒಯ್ಯುತ್ತಿದ್ದ ಪೈಪು ಅದು. ಒಳಗೆ ತುಕ್ಕು ಹಿಡಿದು ತೆಳ್ಳಗಾಗಿತ್ತು. ಬೆಳಗಿನ ಜಾವ ಗ್ಯಾಸು ಸೋರಿ ಊರ ಮೇಲೆ ಹರಡಿತು. ಬೆಂಕಿ ತಾಗಿದ್ದೇ ತಡ, ಮನೆ, ತೆಂಗಿನ ಮರ, ದನ ಎಲ್ಲ ಸುಟ್ಟವು. 20ಕ್ಕೂ ಹೆಚ್ಚು ಜನ ಸತ್ತರು. ತಪ್ಪು ಊರಿನವರದಲ್ಲ. ಪೈಪು ನೋಡಿಕೊಳ್ಳಬೇಕಾದವರದು.

ಮನೆಯ ಸಿಲಿಂಡರು ಸೋರಿದರೆ ಕೆಟ್ಟ ವಾಸನೆ ಬರುತ್ತದೆ. ಅದು ಗ್ಯಾಸಿನ ವಾಸನೆ ಅಲ್ಲ, ನಮಗೆ ಗೊತ್ತಾಗಲಿ ಅಂತ ಬೇಕೆಂದೇ ಸೇರಿಸಿದ ವಾಸನೆ. ದೂರಕ್ಕೆ ಹೋಗುವ ದೊಡ್ಡ ಪೈಪುಗಳಲ್ಲಿ ಸಾಮಾನ್ಯವಾಗಿ ಅದನ್ನು ಸೇರಿಸಿರುವುದಿಲ್ಲ. ಆದ್ದರಿಂದ ವಾಸನೆ ಬರಲಿಲ್ಲ ಅಂತ ಸುಮ್ಮನಿರಬಾರದು. ಪೈಪಿನ ದಾರಿಯಲ್ಲಿ ಬುಸ್ ಎನ್ನುವ ಸದ್ದು ಕೇಳಿದರೆ, ಕೆಸರಿನಲ್ಲಿ ಗುಳ್ಳೆ ಏಳುತ್ತಿದ್ದರೆ, ಒಂದೇ ಪಟ್ಟೆಯಲ್ಲಿ ಬೆಳೆ ಒಣಗಿದ್ದರೆ ದೂರ ಸರಿಯಿರಿ. ಬೀಡಿ, ಬೆಂಕಿಕಡ್ಡಿ ಬೇಡ. ದೂರ ಹೋದ ಮೇಲೆ ಫೋನ್ ಮಾಡಿ.

ಉಪ್ಪಿನಕಾಯಿ ಊಟ ಆಗುತ್ತದೆಯೇ?

ಇಷ್ಟು ಚೆನ್ನಾದ ಒಲೆ ಇದ್ದರೆ ಎಲ್ಲ ಕರೆಂಟನ್ನೂ ಅದರಲ್ಲೇ ಮಾಡಬಾರದೇ? ಮಾಡಬಹುದಿತ್ತು, ಗ್ಯಾಸು ಅಗ್ಗವಾಗಿದ್ದರೆ. ನಮ್ಮ ದೇಶದಲ್ಲಿ 20 ಸಾವಿರ ಮೆಗಾವಾಟಿಗೂ ಹೆಚ್ಚು ಶಕ್ತಿಯ ಗ್ಯಾಸ್ ಸ್ಥಾವರಗಳನ್ನು ಕಟ್ಟಿದ್ದಾರೆ. ಆದರೆ 2023-24ರಲ್ಲಿ ದೇಶ ತಯಾರಿಸಿದ 100 ಯೂನಿಟ್ ಕರೆಂಟಿನಲ್ಲಿ ಗ್ಯಾಸಿನದು ಸುಮಾರು 2 ಯೂನಿಟ್. ಉಳಿದ ಹೊತ್ತು ಎಷ್ಟೋ ಸ್ಥಾವರ ಬೀಗ ಹಾಕಿದ ಮನೆಯಂತೆ ಇದ್ದವು.

ಇದರ ಹಿಂದೆ ದೊಡ್ಡ ಕಥೆ ಇದೆ. ಆಂಧ್ರದ ಕಡಲಿನಲ್ಲಿ ಬೇಕಾದಷ್ಟು ಗ್ಯಾಸು ಸಿಕ್ಕಿದೆ ಅಂತ ಸುದ್ದಿ ಆಯಿತು. 2009ರಲ್ಲಿ ಗ್ಯಾಸು ಬರಲು ಶುರುವಾಯಿತು. ಅದನ್ನು ನಂಬಿ ಕಂಪನಿಗಳು ಬ್ಯಾಂಕಿನಲ್ಲಿ ಸಾಲ ಮಾಡಿ ಸ್ಥಾವರ ಕಟ್ಟಿದವು. ಎರಡು ವರ್ಷ ಕಳೆಯುವುದರೊಳಗೆ ಗ್ಯಾಸು ಇಳಿಯುತ್ತಾ ಬಂತು. ಮುಂದೆ ದೇಶದಲ್ಲಿ 14 ಸಾವಿರ ಮೆಗಾವಾಟಿನಷ್ಟು ಸ್ಥಾವರಗಳು ಗ್ಯಾಸಿಲ್ಲದೆ ನಿಂತವು. ಕೆರೆ ತುಂಬುವ ಮೊದಲೇ ಗದ್ದೆಗೆ ನಾಟಿ ಹಾಕಿದ ಹಾಗಾಯಿತು. ಆ ಸಾಲ ಕೊಟ್ಟದ್ದರಲ್ಲಿ ಸರ್ಕಾರಿ ಬ್ಯಾಂಕುಗಳೂ ಇದ್ದವು. ಅಲ್ಲಿ ನಮ್ಮ ನಿಮ್ಮ ಉಳಿತಾಯದ ದುಡ್ಡೂ ಇರುತ್ತದೆ.

ದಾಭೋಲ್ ಕಥೆ ಇನ್ನೂ ಹಳೆಯದು. ಅಲ್ಲಿ ಅಮೆರಿಕದ ಎನ್ರಾನ್ ಕಂಪನಿ ದೊಡ್ಡ ಸ್ಥಾವರ ಕಟ್ಟಿತು. ಗ್ಯಾಸು ಬರುವ ತನಕ ನಾಫ್ತಾ ಎಂಬ ಎಣ್ಣೆ ಉರಿಸುತ್ತಿದ್ದರು. 1999ರಲ್ಲಿ ಕರೆಂಟು ಶುರುವಾಯಿತು. ಬೆಲೆ ಎಷ್ಟು ಏರಿತೆಂದರೆ ಮಹಾರಾಷ್ಟ್ರದ ವಿದ್ಯುತ್ ಮಂಡಳಿ 2001ರಲ್ಲಿ ನಮಗೆ ಬೇಡ ಎಂದಿತು. ಸ್ಥಾವರ ನಿಂತೇ ಹೋಯಿತು. ಅದೇ ವರ್ಷ ಎನ್ರಾನ್ ಕಂಪನಿಯೂ ದಿವಾಳಿ ಆಯಿತು. ಸ್ಥಾವರ ಮತ್ತೆ ಶುರುವಾದದ್ದು 2006ರಲ್ಲಿ, ನಮ್ಮ ಸರ್ಕಾರಿ ಕಂಪನಿಗಳು ವಹಿಸಿಕೊಂಡ ಮೇಲೆ.

ಹೊರಗಿನಿಂದ ತರುವ ಗ್ಯಾಸಿಗೆ ಇನ್ನೊಂದು ತೊಂದರೆ. ಎಲ್ಲೋ ಯುದ್ಧ ಆದರೆ ಇಲ್ಲಿ ಬೆಲೆ ಏರುತ್ತದೆ. 2022ರಲ್ಲಿ ರಷ್ಯಾ ಉಕ್ರೇನ್ ಮೇಲೆ ದಂಡೆತ್ತಿ ಹೋಯಿತು. ಯುರೋಪಿನ ದೇಶಗಳು ಸಿಕ್ಕ ಸಿಕ್ಕ ಗ್ಯಾಸಿನ ಹಡಗುಗಳನ್ನು ಹೆಚ್ಚು ಬೆಲೆ ಕೊಟ್ಟು ಕೊಂಡವು. ನಮ್ಮ ಸ್ಥಾವರಗಳಿಗೆ ಆ ಬೆಲೆ ಕೊಡಲು ಆಗಲಿಲ್ಲ. ಹೊರದೇಶದ ಗ್ಯಾಸಿನಿಂದ ಮಾಡಿದ ಕರೆಂಟಿನ ಬೆಲೆ ಕಲ್ಲಿದ್ದಲಿನ ಕರೆಂಟಿನ ಎರಡು ಪಟ್ಟಿಗೂ ಮೇಲೆ ಹೋದದ್ದುಂಟು.

ಹಾಗಾದರೆ ಗ್ಯಾಸು ಉಪ್ಪಿನಕಾಯಿ ಇದ್ದ ಹಾಗೆ ಎನ್ನೋಣ. ಅದನ್ನೇ ತಿಂದು ಹೊಟ್ಟೆ ತುಂಬಿಸಲು ಆಗಲ್ಲ. ಆದರೆ ಸಾರು ಇಲ್ಲದ ದಿನ ಅದೇ ಕಾಪಾಡುತ್ತದೆ. 2024ರ ಬೇಸಿಗೆಯಲ್ಲಿ ಹೀಗೇ ಆಯಿತು. ಬಿಸಿಲು ವಿಪರೀತ. ಮೇ 30ರಂದು ದೇಶದ ಬೇಡಿಕೆ ಎರಡೂವರೆ ಲಕ್ಷ ಮೆಗಾವಾಟಿಗೆ ಏರಿತು. ಅಲ್ಲಿಯವರೆಗೆ ಅಷ್ಟು ಏರಿದ್ದೇ ಇಲ್ಲ. ಮೇ, ಜೂನ್ ಎರಡು ತಿಂಗಳು ಗ್ಯಾಸ್ ಸ್ಥಾವರಗಳು ಕರೆಂಟು ಕೊಡಲು ತಯಾರಿರಲೇಬೇಕು ಅಂತ ಕೇಂದ್ರ ಸರ್ಕಾರ ಮೊದಲೇ ಆದೇಶ ಮಾಡಿತ್ತು. ನಮ್ಮ ಅಭಿಪ್ರಾಯವೂ ಅದೇ. ಗ್ಯಾಸು ದಿನದ ಮುದ್ದೆಗಲ್ಲ. ಸಂಜೆಗೆ ಇರಲಿ, ಬರಗಾಲಕ್ಕೆ ಇರಲಿ.

ಹೊಗೆಯ ಮಾತೂ ಸ್ವಲ್ಪ ಆಡಬೇಕು. ಗ್ಯಾಸು ಉರಿದರೆ ಬೂದಿ ಇಲ್ಲ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲು ಬೂದಿಯೇ. ಸ್ಥಾವರದ ಸುತ್ತಲಿನ ಊರುಗಳಲ್ಲಿ ಒಣಹಾಕಿದ ಬಟ್ಟೆಯ ಮೇಲೆ, ಮುಚ್ಚದ ನೀರಿನ ಮೇಲೆ ಅದು ಕೂರುತ್ತದೆ. ಭೂಮಿಯನ್ನು ಬಿಸಿ ಮಾಡುವ ಇಂಗಾಲದ ಹೊಗೆಯೂ ಗ್ಯಾಸಿನಲ್ಲಿ ಕಲ್ಲಿದ್ದಲಿನ ಅರ್ಧದಷ್ಟು ಮಾತ್ರ. ಹಾಗಂತ ಗ್ಯಾಸು ಪೂರ್ತಿ ಶುದ್ಧ ಅಲ್ಲ. ಉರಿಯದೆ ಸೋರಿಹೋದ ಮೀಥೇನ್ ಇಂಗಾಲದ ಹೊಗೆಗಿಂತ ಹಲವು ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತದೆ.

ಬಿಲ್ಲಿನಲ್ಲಿ ಎಲ್ಲಿದೆ?

ಈಗ ಮನೆಯ ಕರೆಂಟು ಬಿಲ್ಲು ತೆಗೆದುಕೊಳ್ಳಿ. ಬೆಳಕಿಗೆ ಹಿಡಿದು ಓದಿ. ಅಕ್ಷರ ಸಣ್ಣದು, ನಿಧಾನ ಓದಿ. ನಿಗದಿತ ಶುಲ್ಕ ಅಂತ ಒಂದು ಸಾಲು ಇರುತ್ತದೆ. ನೀವು ದೀಪ ಹಾಕಿದರೂ ಹಾಕದಿದ್ದರೂ ಇದು ಇದ್ದದ್ದೇ. ಟ್ರ್ಯಾಕ್ಟರ್ ಬಾಡಿಗೆಗೆ ಮಾತಾಡಿ ನಿಲ್ಲಿಸಿಕೊಂಡರೆ, ಉಳದಿದ್ದರೂ ದುಡ್ಡು ಕೊಡಬೇಕಲ್ಲ? ಹಾಗೆಯೇ ಸ್ಥಾವರ ಕಟ್ಟಿದ ಖರ್ಚು, ಕೆಲಸದವರ ಸಂಬಳ, ತಂತಿ ಕಂಬದ ಖರ್ಚು ಇವೆಲ್ಲ ನಿಂತಾಗಲೂ ಓಡುತ್ತಿರುತ್ತವೆ. ಒಪ್ಪಂದ ಮಾಡಿಕೊಂಡ ಸ್ಥಾವರ ಸುಮ್ಮನೆ ನಿಂತಿದ್ದರೂ ಅದಕ್ಕೆ ಇಷ್ಟು ಅಂತ ಕೊಡಬೇಕಾಗುತ್ತದೆ.

ಇನ್ನೊಂದು ಸಾಲು ಇಂಧನ ಹೊಂದಾಣಿಕೆಯದು. ಇಂಧನ ಅಂದರೆ ಉರಿಸುವ ವಸ್ತು. ಕಲ್ಲಿದ್ದಲು, ಗ್ಯಾಸು ಕೊಳ್ಳುವ ಬೆಲೆ, ಹೊರಗಿನಿಂದ ಕರೆಂಟು ಕೊಳ್ಳುವ ಬೆಲೆ ಏರಿದರೆ ಇಳಿದರೆ ಈ ಸಾಲಿನ ಅಂಕಿ ಬದಲಾಗುತ್ತದೆ. ಹೋದ ತಿಂಗಳ ಬಿಲ್ಲು ಪಕ್ಕದಲ್ಲಿ ಇಟ್ಟು ನೋಡಿ.

2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಎಷ್ಟೋ ಮನೆಗಳಿಗೆ ಸೊನ್ನೆ ಬಿಲ್ಲು ಬಂದಿದೆ. ಸೊನ್ನೆ ಬಂದರೂ ಮೇಲಿನ ಸಾಲುಗಳನ್ನು ಓದಿ. ಆ ದುಡ್ಡನ್ನು ನಮ್ಮ ಪರವಾಗಿ ಸರ್ಕಾರ ಕಟ್ಟುತ್ತದೆ. ಕೊನೆಗೆ ಅದು ತೆರಿಗೆಯ ದುಡ್ಡೇ.

ಕರೆಂಟಿನ ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ದರ ಬದಲಿಸುವ ಮೊದಲು ಆಯೋಗ ಪತ್ರಿಕೆಗಳಲ್ಲಿ ಪ್ರಕಟಣೆ ಹಾಕಿಸಿ ಜನರ ಆಕ್ಷೇಪಣೆ ಕೇಳಬೇಕು. ಇದು ಕಾನೂನು. ಯಾರು ಬೇಕಾದರೂ ಬರೆದು ಕಳಿಸಬಹುದು. ಬಹಿರಂಗ ವಿಚಾರಣೆ ನಡೆಯುವಾಗ ಹೋಗಿ ಮಾತಾಡಬಹುದು. ಅಲ್ಲಿ ಹೆಚ್ಚಾಗಿ ಕಾಣುವವರು ಕಾರ್ಖಾನೆಯವರು, ರೈತ ಸಂಘದವರು. ಹೆಂಗಸರು ಕಡಿಮೆ. ನಿಮ್ಮ ಸಂಘದಿಂದ ಬರೆಯುವುದಾದರೆ ಉದ್ದ ಬೇಡ, ಒಂದು ಹಾಳೆ ಸಾಕು. ಊರಿನ ಹೆಸರು, ಬಿಲ್ಲಿನಲ್ಲಿರುವ ಆರ್.ಆರ್. ನಂಬರು, ಸಂಜೆ ಎಷ್ಟು ಹೊತ್ತಿಗೆ ಕರೆಂಟು ಹೋಗುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ. ಒಂದು ತಿಂಗಳು ದಿನವೂ ಗಡಿಯಾರ ನೋಡಿ ನೋಟ್ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಆ ಪಟ್ಟಿಯನ್ನೇ ಕಾಗದದ ಜೊತೆ ಸೇರಿಸಿ, ಕೆಳಗೆ ಎಲ್ಲರೂ ಸಹಿ ಹಾಕಿ.